ಸಿಂಗಲ್ ಎಂದು ಟಿಕ್ ಹಾಕಿದ್ದು ಯಾರು

ಇದನ್ನು ಬರೆಯದೇ ಇರಲು ನಾನು ಹೂಡಿದ ನೆಪಗಳು ಒಂದೆರಡಲ್ಲ. ಮೊದಲು, ಮಾವ ಬದುಕಿರುವ ತನಕ ಬೇಡ ಎಂದುಕೊಂಡೆ. ಅಂದರೆ ನನ್ನ ಹೆಂಡತಿಯ ತಂದೆ. ಅವರು ಹೋಗಿ ಬಹಳ ವರ್ಷಗಳಾದವು. ಆಮೇಲೆ, ಅಕ್ಕನಿಗೆ ಬೇಸರವಾದೀತು ಎಂದುಕೊಂಡೆ. ಅಕ್ಕ ಇದಕ್ಕಿಂತ ದೊಡ್ಡ ಬೇಸರಗಳನ್ನು ನುಂಗಿಕೊಂಡು ಗಟ್ಟಿಯಾಗಿ ಕುಳಿತಿದ್ದಾಳೆ. ಕೊನೆಗೆ, ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಎಂದೆ. ಈಗ ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ, ನನ್ನ ಅಕ್ಷರ ಎಷ್ಟು ಕೆಟ್ಟದಾಗಿದೆ ಎನ್ನುವುದೂ ಕಾಣುತ್ತದೆ. ಇನ್ನು ನೆಪ ಸಿಗುತ್ತಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಉಡುಪಿ ಕಡೆಯವನು. ಎಂಬತ್ತರ ದಶಕದ ಮೊದಲಿಗೆ ಅಕ್ಕ ನನ್ನನ್ನು ಅಮೆರಿಕಕ್ಕೆ ಕರೆಸಿಕೊಂಡಳು. ಎಂಬತ್ತೈದರಲ್ಲಿ ಊರಿಗೆ ಹೋಗಿ ಮದುವೆಯಾದೆ. ಹುಡುಗಿ ಬಿ.ಎ. ಅವಳ ತಂದೆ ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವರು. ಹುಡುಗಿ ನೋಡಲು ಹೋದ ದಿನ ಅವರು ನನ್ನ ಸಂಬಳ ಕೇಳಲಿಲ್ಲ, ಜಾತಕ ಕೇಳಲಿಲ್ಲ. ನಿಮ್ಮ ಇಂಗ್ಲಿಷ್ ಹೇಗೆ ಎಂದು ಕೇಳಿದರು. ಅಲ್ಲಿ ಎಲ್ಲ ಅದರಲ್ಲೇ ಅಲ್ವಾ ಸರ್ ಎಂದೆ. ಸುಳ್ಳು ಹೇಳಲಿಲ್ಲ. ಅಲ್ಲಿ ಎಲ್ಲರೂ ಅದರಲ್ಲೇ ಮಾತಾಡುತ್ತಿದ್ದರು, ನನ್ನನ್ನು ಬಿಟ್ಟು.

ಗ್ರೀನ್ ಕಾರ್ಡಿನವನ ಹೆಂಡತಿ ಕೂಡಲೇ ಬರುವಂತಿರಲಿಲ್ಲ, ಸರದಿಯಲ್ಲಿ ಕಾಯಬೇಕಿತ್ತು. ಹಾಗಾಗಿ ಅವಳನ್ನು ತವರಿನಲ್ಲೇ ಬಿಟ್ಟು ಮರಳಿ ಬಂದೆ. ಮಾವ ತಿಂಗಳಿಗೊಂದು ಕಾಗದ ಬರೆಯುತ್ತಿದ್ದರು, ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಉತ್ತರಿಸುತ್ತಿದ್ದೆ. ಪರದೇಶದಲ್ಲಿ ಇದ್ದೂ ಅಳಿಯನಿಗೆ ಎಂಥ ಕನ್ನಡಾಭಿಮಾನ ಎಂದು ಅವರು ಊರಿಡೀ ಹೊಗಳಿದ್ದರಂತೆ. ಅವರ ಕೈಗೆ ನನ್ನ ಇಂಗ್ಲಿಷ್ ಸಿಕ್ಕರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಾರೆ ಎಂಬ ಹೆದರಿಕೆಯೇ ನನ್ನ ಅಭಿಮಾನದ ಬೇರು.

ಇನ್ನು ಭಾವ, ಅಕ್ಕನ ಗಂಡ. ಓಕ್ಲ್ಯಾಂಡಿನ ಒಂದು ಸರ್ಕಾರಿ ಕಚೇರಿಯಲ್ಲಿ ಸಿವಿಲ್ ಇಂಜಿನಿಯರು. ಸೇತುವೆ ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕುವುದು ಅವರ ಕೆಲಸ. ಭಾನುವಾರ ಅವರ ಊಟದ ಮೇಜು ಅರ್ಧ ಊಟಕ್ಕೆ, ಅರ್ಧ ಫಾರ್ಮುಗಳಿಗೆ. ಹೊಸದಾಗಿ ಬಂದ ನಮ್ಮವರೆಲ್ಲ ವೀಸಾ ಫಾರ್ಮು, ಟ್ಯಾಕ್ಸ್ ಫಾರ್ಮು, ಮಕ್ಕಳ ಸ್ಕೂಲಿನ ಫಾರ್ಮು ಹಿಡಿದುಕೊಂಡು ಅಲ್ಲಿಗೆ ಬರುತ್ತಿದ್ದರು. ಭಾವ ಮೊದಲು ಪೆನ್ಸಿಲಿನಲ್ಲಿ ತುಂಬಿ, ಒಮ್ಮೆ ಗಟ್ಟಿಯಾಗಿ ಓದಿ, ಆಮೇಲೆ ಕಪ್ಪು ಪೆನ್ನಿನಲ್ಲಿ ಬರೆಯುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ತಾವು ತುಂಬಿದ ಫಾರ್ಮು ಈವರೆಗೆ ಒಂದೂ ವಾಪಸು ಬಂದಿಲ್ಲ ಎನ್ನುವುದೊಂದೇ ಅವರ ಜಂಬ. ಕುಡಿಯದ, ಸೇದದ ಮನುಷ್ಯನಿಗೆ ಅಷ್ಟಾದರೂ ಇರಬೇಡವೇ.

ಊರಿಂದ ಮರಳಿದ ಮೇಲೆ ನನಗೆ ಮಿಲ್ಪಿಟಾಸಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯ ಸ್ಟಾಕ್‌ರೂಮಿನಲ್ಲಿ ಕೆಲಸ ಸಿಕ್ಕಿತು. ಸಣ್ಣ ಸಣ್ಣ ಬಿಡಿಭಾಗಗಳನ್ನು ಎಣಿಸಿ ಡಬ್ಬಗಳಿಗೆ ಹಾಕುವ ಕೆಲಸ. ಮೊದಲ ದಿನ ಒಂದು ಹಾಳೆ ಕೊಟ್ಟು ತುಂಬಲು ಹೇಳಿದರು. ಸಂಬಳದಲ್ಲಿ ತೆರಿಗೆಗೆ ಎಷ್ಟು ಹಿಡಿಯಬೇಕು ಎಂದು ತೀರ್ಮಾನಿಸುವ ಹಾಳೆ ಅದು. ಭಾನುವಾರದವರೆಗೆ ಕಾದು ಭಾವನ ಮೇಜಿಗೆ ಒಯ್ಯಬಹುದಿತ್ತು. ಆದರೆ ಪಕ್ಕದ ವಿಯೆಟ್ನಾಮಿನ ಹುಡುಗಿ ಎರಡೇ ನಿಮಿಷದಲ್ಲಿ ತುಂಬಿ ಕೊಟ್ಟಳು. ನಾನು ಸೋಲಬಾರದೆಂದು ನಾನೂ ತುಂಬಿದೆ.

ಅದರಲ್ಲಿ ಮೂರು ಚೌಕ ಇದ್ದವು. ಮೊದಲನೆಯದರ ಪಕ್ಕ ‘ಸಿಂಗಲ್’ ಎಂದಿತ್ತು. ಅದರ ಹಿಂದಿನ ವಾರವಷ್ಟೇ ನಾನು ಬಾಡಿಗೆ ಕೋಣೆ ಕೇಳಲು ಹೋದಾಗ ಆ ಮನೆಯ ಮಂಗಳೂರಿನ ಯಜಮಾನರು, “ಸಿಂಗಲ್ಲಾ, ಫ್ಯಾಮಿಲಿಯಾ?” ಎಂದು ಕೇಳಿದ್ದರು. ಸದ್ಯಕ್ಕೆ ಸಿಂಗಲ್, ಫ್ಯಾಮಿಲಿ ಊರಲ್ಲಿದೆ ಎಂದಿದ್ದೆ. ಅವರಿಗೂ ಅರ್ಥವಾಗಿತ್ತು, ನನಗೂ. ನಮ್ಮಲ್ಲಿ ಸಿಂಗಲ್ ಎಂದರೆ ಒಬ್ಬನೇ ಅನ್ನ ಬೇಯಿಸಿಕೊಳ್ಳುವವನು. ಹಾಗಾಗಿ ಅಮೆರಿಕದ ಸರ್ಕಾರ ಅದೇ ಪ್ರಶ್ನೆ ಕೇಳಿದಾಗ ಯೋಚಿಸುವುದೇನೂ ಇರಲಿಲ್ಲ. ಅದರ ಕೆಳಗೆ, ಅಲೊವೆನ್ಸ್ ಎಷ್ಟು ಎಂದು ಕೇಳಿದ್ದರು. ಅಲೊವೆನ್ಸ್ ಎಂದರೆ ಭತ್ಯೆ, ನನ್ನ ಚಿಕ್ಕಪ್ಪ ಬಸ್ ಕಂಡಕ್ಟರಾಗಿದ್ದಾಗ ತೆಗೆದುಕೊಳ್ಳುತ್ತಿದ್ದದ್ದು. ಕೆಲಸಕ್ಕೆ ಸೇರಿದ ದಿನವೇ ಭತ್ಯೆ ಕೇಳುವುದು ಮರ್ಯಾದೆಯಲ್ಲ ಎಂದು ಸೊನ್ನೆ ಬರೆದೆ. ಹೆಸರಿನ ಜಾಗದಲ್ಲಿ, ಇಲ್ಲಿ ದುಡಿಯುವವರಿಗೆಲ್ಲ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇದ್ದ ಹಾಗೆ ನನ್ನ ಹೆಸರು, ಕೊನೆಗೆ ಅಪ್ಪನ ಹೆಸರು ಬರೆದು ಸಹಿ ಹಾಕಿದೆ.

ಎರಡು ವರ್ಷ ಏನೂ ಆಗಲಿಲ್ಲ. ಎಂಬತ್ತೇಳರಲ್ಲಿ ತೆರಿಗೆ ಕಾನೂನು ಬದಲಾಯಿತೆಂದು ದೇಶದ ಎಲ್ಲ ಕೆಲಸಗಾರರೂ ಹೊಸ ಫಾರ್ಮು ತುಂಬಬೇಕೆಂದರು. ಹೊಸದು ನಾಲ್ಕು ಪುಟ. ಕಂಪನಿಯ ಅಮೆರಿಕನ್ನರೇ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಬೈಯುತ್ತಿದ್ದರು. ನಾನು ನೇರವಾಗಿ ಭಾವನ ಮೇಜಿಗೆ ಒಯ್ದೆ. ಅವರು ಒಂದು ಇಡೀ ಮಧ್ಯಾಹ್ನ ಪೆನ್ಸಿಲ್ ಹಿಡಿದು ಕುಳಿತು, ಮದುವೆಯಾದವನು ಎಂಬ ಚೌಕಕ್ಕೆ ಟಿಕ್ ಹಾಕಿ, ಅಲೊವೆನ್ಸ್ ಎರಡು ಎಂದು ಬರೆದರು. ಅದು ಭತ್ಯೆಯಲ್ಲ, ಎಷ್ಟು ತಲೆಗೆ ತೆರಿಗೆ ಕಡಿಮೆ ಹಿಡಿಯಬೇಕು ಎಂಬ ಲೆಕ್ಕವಂತೆ: ಒಂದು ನನಗೆ, ಒಂದು ಹೆಂಡತಿಗೆ. ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಬೇಕು, ಹೆಂಡತಿಯ ವೀಸಾ ಕಾಗದಗಳಿಗೆ ಹೊಂದಬೇಕು ಎಂದರು. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ಕೊನೆಗೆ ಇರುವುದು ಅಪ್ಪನ ಹೆಸರಲ್ಲ, ಊರಿನ ಹೆಸರು. ಊರಲ್ಲಿ ಎರಡೂ ಇನಿಷಿಯಲ್ಲುಗಳಾಗಿ ಹೆಸರಿನ ಮುಂದೆ ತೆಪ್ಪಗೆ ಕೂತಿದ್ದವು. ಇಲ್ಲಿ ಒಂದೊಂದು ಕಚೇರಿ ಒಂದೊಂದನ್ನು ಎಳೆದು ಕೊನೆಗೆ ಕೂರಿಸಿತ್ತು.

ಆ ಫಾರ್ಮಿನಲ್ಲಿ ಭಾವ ಬರೆದದ್ದೆಲ್ಲ ಸರಿಯಾಗಿತ್ತು. ಇದನ್ನು ದಯವಿಟ್ಟು ನೆನಪಿಡಿ.

ಆಮೇಲೆ ಶನಿವಾರದ ಓವರ್‌ಟೈಮಿನ ಹಾಳೆಯಲ್ಲಿ ನಾನೂ ಭಾವ ಕಲಿಸಿದ ಹಾಗೆ ಊರಿನ ಹೆಸರು ಬರೆಯತೊಡಗಿದೆ. ವಾರದ ದಿನಗಳ ಹಾಳೆಯಲ್ಲಿ ಹಳೆಯ ಹೆಸರೇ ಅಚ್ಚಾಗಿ ಬರುತ್ತಿತ್ತು. ಸ್ವಲ್ಪ ದಿನದಲ್ಲಿ ನನಗೆ ಎರಡೆರಡು ಚೆಕ್ ಬರತೊಡಗಿದವು. ವಾರದ ದಿನಗಳದ್ದು ಒಂದು, ಶನಿವಾರದ್ದು ಒಂದು. ವಾರದ ಚೆಕ್ಕಿನಲ್ಲಿ ತೆರಿಗೆ ಕಚ್ಚಿ ಎಳೆಯುತ್ತಿತ್ತು. ಶನಿವಾರದ್ದನ್ನು ಬಹುತೇಕ ಹಾಗೇ ಬಿಡುತ್ತಿತ್ತು. ರಜೆಯ ದಿನ ದುಡಿಯುವವರ ಮೇಲೆ ಈ ಸರ್ಕಾರಕ್ಕೆ ಎಷ್ಟು ಕನಿಕರ ಎಂದು ನನಗೆ ಕಣ್ಣು ತುಂಬಿ ಬಂತು. ಊಟದ ಹೊತ್ತಿಗೆ ಇದನ್ನು ನಾಲ್ಕು ಜನರಿಗೆ ಹೇಳಿದೆ. ಮುಂದಿನ ಶನಿವಾರ ಸ್ಟಾಕ್‌ರೂಮಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅದರ ಮುಂದಿನ ವಾರ, ತಮ್ಮ ಚೆಕ್ಕಿನಲ್ಲಿ ತೆರಿಗೆ ಎಂದಿನಂತೆ ಕಡಿದದ್ದು ನೋಡಿದ ಮೇಲೆ, ಅವರಲ್ಲಿ ಯಾರೂ ನನ್ನೊಡನೆ ಊಟಕ್ಕೆ ಕೂರಲಿಲ್ಲ.

ಇಷ್ಟರಲ್ಲಿ ಹೆಂಡತಿಯ ಸರದಿ ಬಂತು. ಮದ್ರಾಸಿನ ಅಮೆರಿಕನ್ ಕಾನ್ಸುಲೇಟಿನಲ್ಲಿ ಸಂದರ್ಶನದ ದಿನ ಗೊತ್ತಾಯಿತು. ಗಂಡ ಸಾಕಬಲ್ಲ ಎಂದು ತೋರಿಸಲು ನನ್ನ ಸಂಬಳದ ಚೀಟಿಗಳ ಜೆರಾಕ್ಸ್ ಪ್ರತಿ ಬೇಕಿತ್ತು. ಒಂದು ಕಳಿಸಿದರೆ ಸಾಕಿತ್ತು. ಅಳಿಯನ ದುಡಿಮೆ ಮಾವನಿಗೂ ಕಾಣಲಿ ಎಂದು ಎರಡೂ ಬಗೆಯವನ್ನು, ಅಂದವಾಗಿ ಪಿನ್ ಹೊಡೆದು, ಮಾವನ ವಿಳಾಸಕ್ಕೆ ಕಳಿಸಿದೆ.

ಐದು ವಾರದ ಮೇಲೆ ಉತ್ತರ ಬಂತು. ಮೊದಲ ಬಾರಿಗೆ ಮಾವ ಕನ್ನಡದಲ್ಲಿ ಬರೆದಿದ್ದರು. ತಾವು ಕಳುಹಿಸಿದ ಚೀಟಿಗಳು ತಲುಪಿವೆ. ಒಂದರಲ್ಲಿ ಒಬ್ಬರ ಹೆಸರಿದೆ, ಇನ್ನೊಂದರಲ್ಲಿ ಇನ್ನೊಬ್ಬರ ಹೆಸರಿದೆ. ಮೊದಲನೆಯವರ ಹೆಸರಿನ ಕೆಳಗೆ ಎಸ್ ಎಂದೂ ಸೊನ್ನೆಯೆಂದೂ ಅಚ್ಚಾಗಿದೆ. ವಿಚಾರಿಸಲಾಗಿ ಎಸ್ ಎಂದರೆ ಸಿಂಗಲ್, ಅಂದರೆ ಅವಿವಾಹಿತ ಎಂದು ತಿಳಿಯಿತು. ಎರಡನೆಯವರ ಕೆಳಗೆ ಎಂ ಎಂದೂ ಎರಡು ಎಂದೂ ಇದೆ. ವಿವಾಹಿತ, ಎರಡು. ಎರಡು ಏನು ಎಂಬುದು ಸ್ಪಷ್ಟವಿಲ್ಲ. ಈ ಇಬ್ಬರಲ್ಲಿ ನನ್ನ ಮಗಳನ್ನು ಮದುವೆಯಾದವರು ಯಾರು ಎಂಬುದು ತಿಳಿಯುವವರೆಗೆ ಅವಳನ್ನು ಮದ್ರಾಸಿಗೆ ಕರೆದೊಯ್ಯುವುದಿಲ್ಲ. ‘ಎರಡು ಏನು’ ಎಂಬ ಮಾತಿನ ಕೆಳಗೆ ಕೆಂಪು ಶಾಯಿಯ ಗೆರೆ ಇತ್ತು. ಹೆಂಡತಿ ಯಾವಾಗಲೂ ಕೊನೆಗೆ ಎರಡು ಸಾಲು ಸೇರಿಸುತ್ತಿದ್ದಳು. ಅಂದು ಆ ಜಾಗ ಖಾಲಿ ಇತ್ತು.

ಸಂದರ್ಶನಕ್ಕೆ ಇನ್ನು ಒಂದೂವರೆ ತಿಂಗಳಿತ್ತು. ಅದು ತಪ್ಪಿದರೆ ಮತ್ತೆ ಯಾವಾಗ ಕರೆಯುತ್ತಾರೋ ಗೊತ್ತಿರಲಿಲ್ಲ. ಕಾಗದ ಹೋಗಲು ಎರಡು ವಾರ, ಬರಲು ಎರಡು ವಾರ.

ಮರುದಿನ ಸಂಬಳದ ವಿಭಾಗಕ್ಕೆ ಹೋದೆ. ಅಲ್ಲಿ ಕೂರುತ್ತಿದ್ದವರು ವಯಸ್ಸಾದ ಒಬ್ಬ ಫಿಲಿಪಿನೋ ಹೆಂಗಸು. ಎರಡು ಚೀಟಿ ಮುಂದಿಟ್ಟು ಎರಡೂ ನಾನೇ ಎಂದೆ. ಅವರು ಕನ್ನಡಕ ಏರಿಸಿ ಒಮ್ಮೆ ಚೀಟಿ, ಒಮ್ಮೆ ನನ್ನನ್ನು ನೋಡಿದರು. ಕೊನೆಯ ಹೆಸರು ಬೇರೆಯಾಗಿದ್ದರಿಂದ ಹೊಸ ಮನುಷ್ಯ ಸೇರಿದ್ದಾನೆ ಎಂದು ಹೊಸ ಖಾತೆ ತೆರೆದಿದ್ದರಂತೆ. ಶನಿವಾರ ಮಾತ್ರ ಬಂದು, ಯಾರ ಕಣ್ಣಿಗೂ ಬೀಳದೆ, ಅಷ್ಟೊಂದು ಕೆಲಸ ಮಾಡಿ ಹೋಗುವ ಈ ಮನುಷ್ಯನ ಬಗ್ಗೆ ತಮಗೆ ಬಹಳ ಗೌರವವಿತ್ತು ಎಂದರು. ಅರ್ಧ ಗಂಟೆಯಲ್ಲಿ ಆ ಒಳ್ಳೆಯವನನ್ನು ನನ್ನೊಳಗೆ ಸೇರಿಸಿ, ಇಬ್ಬರೂ ಒಬ್ಬನೇ ಎಂದು ಕಂಪನಿಯ ಕಾಗದದಲ್ಲಿ ಪತ್ರ ಟೈಪ್ ಮಾಡಿ ಕೊಟ್ಟರು.

ಹೆಸರಿನ ತೊಡಕು ಅಲ್ಲಿಗೆ ಬಗೆಹರಿಯಿತು. ಸಿಂಗಲ್ ಉಳಿಯಿತು. ಆಕೆ ನನ್ನ ಹಳೆಯ ಹಾಳೆ ತೆಗೆದು ತೋರಿಸಿ, ಮದುವೆಯಾಗಿದ್ದೂ ಇದನ್ನು ಯಾಕೆ ಗುರುತಿಸಿದೆ ಎಂದು ಕೇಳಿದರು. ನಾನು ಒಬ್ಬನೇ ಇದ್ದೆ, ಅದಕ್ಕೆ ಎಂದೆ. ಅವರು ನಕ್ಕು, ಮೂರನೆಯ ಚೌಕದ ಮೇಲೆ ಬೆರಳಿಟ್ಟರು. ಮದುವೆಯಾಗಿದೆ, ಆದರೆ ಸಿಂಗಲ್‌ನ ದರದಲ್ಲೇ ತೆರಿಗೆ ಹಿಡಿಯಿರಿ ಎಂಬ ಅರ್ಥದ ಚೌಕ. ನನ್ನ ಬಾಳಿನ ಆಗಿನ ಸ್ಥಿತಿಯನ್ನು ಇಷ್ಟು ಚೆನ್ನಾಗಿ ಬಲ್ಲ ಚೌಕ ಅಲ್ಲೇ, ಎರಡು ಅಂಗುಲ ಆಚೆಗೆ, ಎರಡು ವರ್ಷದಿಂದ ಕಾದಿತ್ತು. ನಾನು ಓದಿರಲಿಲ್ಲ.

ಮಾವನಿಗೆ ಇಷ್ಟನ್ನೇ ಬರೆಯಬಹುದಿತ್ತು. ಸಿಂಗಲ್ ಎಂದರೆ ಒಬ್ಬನೇ ಇರುವವನು ಎಂದುಕೊಂಡೆ ಸರ್, ಕ್ಷಮಿಸಿ. ಪೆನ್ನು ಹಿಡಿದು ಕೂತೆ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವರು ಆ ಸಾಲನ್ನು ಓದುವುದು, ಓದಿ ಮಗಳ ಕೈಗೆ ಕೊಡುವುದು, ಬಿ.ಎ. ಓದಿದ ಅವಳು ತುಟಿ ಕಚ್ಚುವುದು ಎಲ್ಲ ಕಣ್ಣಿಗೆ ಕಟ್ಟಿತು. ನನ್ನ ಪೆನ್ನು ತಾನಾಗಿಯೇ ಎನ್ನುವ ಹಾಗೆ ಬೇರೆ ಸಾಲು ಬರೆಯಿತು. ಹಾಳೆ ತುಂಬಿದ್ದು ನಾನಲ್ಲ, ನಮ್ಮ ಭಾವ, ಅವರಿಗೆ ಸಾವಿರ ಕೆಲಸ, ಕಣ್ತಪ್ಪಿನಿಂದ ಪಕ್ಕದ ಚೌಕಕ್ಕೆ ಹಾಕಿಬಿಟ್ಟಿದ್ದಾರೆ. ಕಂಪನಿಯ ಪತ್ರವನ್ನೂ ಇಟ್ಟು ಅಂಟಿಸಿ ಅಂಚೆಗೆ ಹಾಕಿದೆ. ಪೆನ್ನಿನ ಮೇಲೆ ಹೊರಿಸಿದೆ ನೋಡಿ. ಬರೆದದ್ದು ನಾನೇ.

ನನ್ನ ಕಾಗದ ಕೈಸೇರಿದ ಮೇಲೆ ಮಾವ ಉತ್ತರ ಬರೆಯುತ್ತ ಕೂರಲಿಲ್ಲ. ತಂತಿ ಕಳಿಸಿದರು: ಭಾವನವರ ಸಹಿಯುಳ್ಳ ಹೇಳಿಕೆ ಬೇಕು.

ತಂತಿ ಹಿಡಿದು ಭಾವನ ಮನೆಗೆ ಹೋದೆ. ಮೇಜಿನ ಬಳಿ ಯಾರದೋ ಫಾರ್ಮು ಹರಡಿಕೊಂಡು ಕೂತಿದ್ದರು. ಎಲ್ಲ ಹೇಳಿದೆ, ನಾನು ಬರೆದ ಸುಳ್ಳನ್ನೂ ಸೇರಿಸಿ. ಅವರು ಪೆನ್ಸಿಲ್ ಕೆಳಗಿಟ್ಟರು.

“ಆ ಹಾಳೆಯನ್ನು ನಾನು ಕಣ್ಣಲ್ಲಾದರೂ ನೋಡಿದ್ದೆನಾ ಮಾರಾಯ?”

“ಇಲ್ಲ ಭಾವ.”

“ಮತ್ತೆ ನನ್ನ ಹೆಸರು ಎಂತಕ್ಕೆ ಹಾಕಿದ್ದು?”

ಇಂಗ್ಲಿಷ್ ಬರುವುದಿಲ್ಲ ಎಂದು ಅವರಿಗೆ ಗೊತ್ತಾಗುತ್ತದಲ್ಲ ಎಂದು ನಾನು ಗೊಣಗಿದೆ. ಭಾವ ತಂತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಓದಿದರು.

“ಅಂದರೆ ನಿನಗೆ ಹೆಂಡತಿಯೂ ಬೇಕು, ಇಂಗ್ಲಿಷೂ ಬೇಕು.”

ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು. “ಒಂದು ಸಾಲು ಬರೆದು ಕೊಟ್ಟುಬಿಡಿ ಮಾರಾಯ್ರೆ. ಅಲ್ಲಿ ಆ ಹುಡುಗಿ ಊಟ ಬಿಟ್ಟು ಕೂತಿರ್ತಾಳೆ.”

“ಒಂದು ಸಾಲು ಅಲ್ಲ ಕಣೇ ಅದು,” ಎಂದರು ಭಾವ. “ನಾನು ಸೇತುವೆಗೆ ಸಹಿ ಹಾಕುವವನು. ನೋಡದೇ ಟಿಕ್ ಹಾಕಿದೆ ಅಂತ ನಾನೇ ಬರೆದುಕೊಡಬೇಕಾ?”

ಒಲೆಯ ಮೇಲೆ ಏನೋ ಹತ್ತಿದ ವಾಸನೆ ಬಂದು ಅಕ್ಕ ಒಳಗೆ ಓಡಿದಳು. ಭಾವ ಎದುರಿಗಿದ್ದ ಫಾರ್ಮನ್ನು ಬದಿಗೆ ಸರಿಸಿ ಬಿಳಿ ಹಾಳೆ ತೆಗೆದುಕೊಂಡರು. ಮೊದಲು ಪೆನ್ಸಿಲಿನಲ್ಲಿ ಬರೆದರು. ಗಟ್ಟಿಯಾಗಿ ಓದಲಿಲ್ಲ. ಆಮೇಲೆ ಕಪ್ಪು ಪೆನ್ನಿನಲ್ಲಿ, ಮುತ್ತಿನಂಥ ಇಂಗ್ಲಿಷಿನಲ್ಲಿ, ತಮ್ಮ ಅಜಾಗರೂಕತೆಯಿಂದ ಈ ತಪ್ಪಾಗಿದೆ ಎಂದು ಬರೆದು ಸಹಿ ಮಾಡಿದರು. ಮರುದಿನ ಕಚೇರಿಗೆ ಅರ್ಧ ದಿನ ರಜೆ ಹಾಕಿ, ನೋಟರಿಯ ಮುದ್ರೆಯನ್ನೂ ಹಾಕಿಸಿ ತಂದರು. ಮುದ್ರೆ ಬೇಕೆಂದು ಯಾರೂ ಕೇಳಿರಲಿಲ್ಲ. ಕಾಗದ ಎಂದ ಮೇಲೆ ಪೂರ್ತಿ ಇರಬೇಕು ಎಂಬುದು ಅವರ ಸ್ವಭಾವ, ಸುಳ್ಳಿನ ಕಾಗದವಾದರೂ.

ಹೇಳಿಕೆ ಸಕಾಲಕ್ಕೆ ತಲುಪಿತು. ಮಾವ ಅದರ ಇಂಗ್ಲಿಷನ್ನು ಮೆಚ್ಚಿದರಂತೆ, ಇಷ್ಟು ಒಳ್ಳೆಯ ಇಂಗ್ಲಿಷ್ ಬರೆಯುವವನು ಇಷ್ಟು ಬೇಜವಾಬ್ದಾರಿಯೇ ಎಂದು ಮರುಗಿದರಂತೆ. ಮಗಳನ್ನು ಮದ್ರಾಸಿಗೆ ಕರೆದೊಯ್ದರು. ಅಲ್ಲಿನ ಅಧಿಕಾರಿ ಎಸ್ಸನ್ನೂ ನೋಡಲಿಲ್ಲ, ಎಮ್ಮನ್ನೂ ನೋಡಲಿಲ್ಲ. ಮದುವೆಯ ಫೋಟೋ ನೋಡಿ, ಊಟಕ್ಕೆ ಎಷ್ಟು ಜನ ಬಂದಿದ್ದರು ಎಂದು ಕೇಳಿ ವೀಸಾ ಕೊಟ್ಟರು.

ಎಂಬತ್ತೆಂಟರಲ್ಲಿ ಹೆಂಡತಿ ಬಂದಳು. ಬಂದ ಎರಡನೆಯ ಭಾನುವಾರ ಅಕ್ಕನ ಮನೆಯಲ್ಲಿ ಊಟ, ನಮ್ಮವರು ಹದಿನೈದು ಇಪ್ಪತ್ತು ಜನ. ಊಟವಾದ ಮೇಲೆ ಭಾವ ಪೆನ್ಸಿಲ್ ತೆಗೆದು, ಅವಳ ಸೋಶಿಯಲ್ ಸೆಕ್ಯುರಿಟಿ ಫಾರ್ಮು ತೆಗೆದುಕೊಳ್ಳಲು ಕೈ ಚಾಚಿದರು.

“ಬೇಡ ಅಣ್ಣ,” ಎಂದಳು ನನ್ನ ಹೆಂಡತಿ. “ನಿಮ್ಮ ಕೈಗೆ ಕೊಟ್ಟರೆ ನನ್ನನ್ನು ವಿಧವೆ ಮಾಡಿಬಿಟ್ಟೀರಿ.”

ಮೇಜಿನ ಸುತ್ತ ನಗು ಸಿಡಿಯಿತು. ಏನು ಕತೆ ಎಂದು ಕೇಳಿದವರಿಗೆ ಅವಳೇ ರಸವತ್ತಾಗಿ ಹೇಳಿದಳು. ಅವಳ ತಪ್ಪಿಲ್ಲ, ಅವಳಿಗೆ ಗೊತ್ತಿದ್ದದ್ದೇ ಅಷ್ಟು. ಭಾವನೂ ನಕ್ಕರು, ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು. ಅಕ್ಕ ಪಾತ್ರೆಗಳನ್ನು ಒಳಗೆ ಒಯ್ದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಆ ಕತೆ ಸ್ಯಾನ್ ಹೋಸೆಯಿಂದ ಓಕ್ಲ್ಯಾಂಡಿನವರೆಗೆ ಹಬ್ಬಿತು. ಮದುವೆಯಾದವನನ್ನು ಬ್ರಹ್ಮಚಾರಿ ಮಾಡಿದ ಇಂಜಿನಿಯರು ಎಂದು ಭಾವನಿಗೆ ಹೆಸರಾಯಿತು. ಫಾರ್ಮು ತರುವವರು ಮೊದಲು ತಮಾಷೆ ಮಾಡಿದರು, ಆಮೇಲೆ ಕಡಿಮೆಯಾದರು. ದುಡ್ಡು ಕೊಟ್ಟು ಬೇರೆ ಕಡೆ ತುಂಬಿಸಿಕೊಳ್ಳುವವರು ಹೆಚ್ಚಾದರು. ಒಂದೆರಡು ವರ್ಷದಲ್ಲಿ ಅಕ್ಕನ ಮೇಜು ಇಡಿಯಾಗಿ ಊಟಕ್ಕೇ ಆಯಿತು. ಜಾಗ ಆಯಿತಲ್ಲ ಎಂದಳು ಅಕ್ಕ. ಭಾನುವಾರದ ಮಧ್ಯಾಹ್ನ ಭಾವ ಏನು ಮಾಡಬೇಕೆಂದು ತೋಚದೆ ಕಾರು ತೊಳೆಯುತ್ತಿದ್ದರು. ಅಷ್ಟು ತೊಳೆಸಿಕೊಂಡ ಕಾರು ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಒಂದು ಭಾನುವಾರ ನಾನು ಪೈಪು ಹಿಡಿದುಕೊಂಡು ಪಕ್ಕದಲ್ಲಿ ನಿಂತೆ. “ಭಾವ, ಆ ಫಾರ್ಮಿನ ವಿಷಯ…” ಎಂದು ಶುರು ಮಾಡಿದೆ. “ಹಿಂದಿನ ಟಯರಿಗೆ ಸ್ವಲ್ಪ ನೀರು ಬಿಡು,” ಎಂದರು. ನಾನು ಬಿಟ್ಟೆ. ನಿಜ ಹೇಳುತ್ತೇನೆ, ಅವರು ಮಾತು ತಪ್ಪಿಸಿದ್ದು ನನಗೆ ಅಷ್ಟು ಹಿತವಾಯಿತು ಎಂದರೆ ನಾಲ್ಕೂ ಟಯರಿಗೆ ನೀರು ಬಿಟ್ಟೆ. ಆಮೇಲೆ ಮೂವತ್ತು ವರ್ಷ, ಅವರ ಎದುರು ಎಷ್ಟೋ ಬಾರಿ ಕೂತು ಊಟ ಮಾಡಿದ್ದೇನೆ. ಮಕ್ಕಳ ಶಾಲೆ, ಮನೆ ಸಾಲ, ಫ್ರೀವೇ ಟ್ರಾಫಿಕ್ಕು ಎಲ್ಲ ಮಾತಾಡಿದ್ದೇವೆ. ಅವರೂ ಒಮ್ಮೆಯೂ ನನ್ನ ಹೆಂಡತಿಯ ಮುಂದೆ ನನ್ನನ್ನು ಬಿಟ್ಟುಕೊಡಲಿಲ್ಲ, ಅವಳು ಆ ಮಾತು ತೆಗೆದು ಛೇಡಿಸಿದಾಗಲೂ.

ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ನಮ್ಮವರೆಲ್ಲ ಸೇರಿ ಅವರನ್ನು ನೆನೆದ ದಿನ ನನಗೂ ಎರಡು ಮಾತಾಡಲು ಹೇಳಿದರು. ಹೇಳುವುದಾದರೆ ಇಲ್ಲೇ, ಈಗಲೇ ಎಂದು ನಿರ್ಧರಿಸಿಕೊಂಡೇ ಎದ್ದು ನಿಂತೆ. ಅಕ್ಕ ಮುಂದಿನ ಸಾಲಿನಲ್ಲಿದ್ದಳು, ಪಕ್ಕದಲ್ಲಿ ನನ್ನ ಹೆಂಡತಿ. ಜನ ಅಳುಮುಖ ಮಾಡಿಕೊಂಡಿದ್ದರು. ಸ್ವಲ್ಪ ಹಗುರ ಮಾಡೋಣ ಎಂದು, ನಮ್ಮ ಭಾವ ಒಮ್ಮೆ ನನ್ನನ್ನು ಹೇಗೆ ಬ್ರಹ್ಮಚಾರಿ ಮಾಡಿದರು ಗೊತ್ತೇ ಎಂದು ಶುರು ಮಾಡಿ, ಹಳೆಯ ಕತೆಯನ್ನೇ, ಹಳೆಯ ರೀತಿಯಲ್ಲೇ ಹೇಳಿದೆ. ಎಲ್ಲರೂ ನಕ್ಕರು. ಅಕ್ಕನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಟಿಕ್ ಹಾಕಿದ್ದು ಯಾರೆಂದು ಆ ಕೋಣೆಯಲ್ಲಿ ನನ್ನನ್ನು ಬಿಟ್ಟರೆ ಗೊತ್ತಿದ್ದವಳು ಅವಳೊಬ್ಬಳೇ.

ನಾನು ಬರೆದದ್ದನ್ನು ತಿದ್ದಿ ಕೊಡುವುದು ನನ್ನ ಹೆಂಡತಿ, ತಂದೆಯಂತೆಯೇ ಕೆಂಪು ಪೆನ್ನಿನಲ್ಲಿ. ನಾಳೆ ಇದು ಅವಳ ಕೈಗೆ ಹೋಗುತ್ತದೆ. ಎಲ್ಲಿ ಗೆರೆ ಎಳೆಯುತ್ತಾಳೋ ಎಳೆಯಲಿ. ಅವಳ ಹತ್ತಿರ ಕ್ಷಮೆ ಕೇಳಲು ನನಗೆ ಇನ್ನೂ ದಿನಗಳಿವೆ, ಅಕ್ಕನ ಹತ್ತಿರವೂ ಇವೆ, ಅವರ ಬೈಗುಳಕ್ಕೂ ತಯಾರಾಗಿದ್ದೇನೆ. ಕೇಳಲೇಬೇಕಾಗಿದ್ದು, ಕೇಳಲು ಮೂವತ್ತು ವರ್ಷ ಸಿಕ್ಕಿದ್ದು, ಕೇಳದೇ ಉಳಿದದ್ದು ಒಬ್ಬರ ಹತ್ತಿರ. ಅವರು ನನ್ನ ಅಕ್ಕನ ಗಂಡ, ನನ್ನ ಭಾವ.